ಮನೆಗೊಂದು ನಾಯಿ ತರುವ ಮುನ್ನ

ದೀಪಾವಳಿಗೆಂದು ಹುಕ್ಕೇರಿಯಿಂದ ಗೋಕಾಕದ ನಮ್ಮ ಮನೆಗೆ ಬಂದ ಮೊಮ್ಮಗಳು ಒಂದು ಬೇಡಿಕೆಯನ್ನು ಮುಂದಿಟ್ಟಳು: “ಅಜ್ಜಾ, ನಮಗ ಲ್ಯಾಬ್ರಡೂಡಲ್ ನಾಯಿ ಬೇಕು. ಅದರ ಕೂದಲ ಉದುರೂದಿಲ್ಲಂತ. ನನಗ ದಮ್ಮ ಹತ್ತೂದಿಲ್ಲ.” ಒಂಬತ್ತು ವರ್ಷದ ಆ ಹುಡುಗಿಗೆ ಉಬ್ಬಸದ ತೊಂದರೆಯಿದೆ. ಮಗಳೂ ಅಳಿಯನೂ ನನ್ನ ಮುಖ ನೋಡಿದರು. ಬೇಕು ಬೇಡಗಳನ್ನು ಹೇಳುವ ಹೊಣೆ ನನ್ನದಾಯಿತು.

ಲ್ಯಾಬ್ರಡಾರ್ ಮತ್ತು ಪೂಡಲ್ ತಳಿಗಳ ಬೆರಕೆಯೇ ಈ ನಾಯಿ. ಪೂಡಲ್ ಮೂಲತಃ ನೀರಿಗಿಳಿದು ಬೇಟೆಯ ಹಕ್ಕಿಯನ್ನು ಹೊತ್ತು ತರುತ್ತಿದ್ದ ನಾಯಿ. ಅದರ ಗುಂಗುರು ಕೂದಲು ಬೆಳೆಯುತ್ತಲೇ ಇರುತ್ತದೆ. ಕಳಚಿದ ಕೂದಲು ನೆಲಕ್ಕೆ ಬೀಳದೆ ಬಹುಮಟ್ಟಿಗೆ ಸುರುಳಿಯಲ್ಲೇ ಸಿಕ್ಕಿಕೊಳ್ಳುತ್ತದೆ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ವಾಲಿ ಕಾನ್ರನ್ ಎಂಬವರು ಈ ಬೆರಕೆಯನ್ನು ಮಾಡಿದ್ದಕ್ಕೆ ಒಂದು ಕಾರಣವಿತ್ತು. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ದಾರಿ ತೋರುವ ನಾಯಿ ಬೇಕಿತ್ತು. ಆದರೆ ಅವರ ಪತಿಗೆ ನಾಯಿಯೆಂದರೆ ಅಲರ್ಜಿ. ಹುಟ್ಟಿದ ಮೂರು ಮರಿಗಳ ಕೂದಲನ್ನೂ ಜೊಲ್ಲನ್ನೂ ಪರೀಕ್ಷೆಗೆ ಕಳಿಸಿದಾಗ ಆ ಪತಿಗೆ ಒಗ್ಗಿದ್ದು ಒಂದೇ ಮರಿ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಉಳಿದೆರಡು ಒಗ್ಗಲಿಲ್ಲ. ತಳಿಯ ಹೆಸರನ್ನು ನಂಬಿ ಹಣ ಕೊಡುವವರು ಈ ಸಂಗತಿಯನ್ನು ಮರೆಯಬಾರದು.

ಅಲರ್ಜಿಗೆ ಮೂಲ ಕೂದಲಲ್ಲ. ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನು. ಕೂದಲು ಅದನ್ನು ಹೊರುವ ವಾಹನ ಮಾತ್ರ. ನೆದರ್ಲೆಂಡ್ಸಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಲರ್ಜಿ ತರುವುದಿಲ್ಲವೆಂದು ಹೆಸರಾದ ನಾಯಿಗಳ ಕೂದಲಿನಲ್ಲಿ ಆ ಪ್ರೋಟೀನು ಇತರ ನಾಯಿಗಳಿಗಿಂತ ಹೆಚ್ಚಾಗಿಯೇ ಕಂಡುಬಂತು. ಮನೆಯೊಳಗಿನ ಗಾಳಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಉಬ್ಬಸವಿರುವ ಮಗುವಿನ ಮನೆಯಲ್ಲಿ ಮೊದಲ ಮಾತು ವೈದ್ಯರದು, ಮಾರುವವನದಲ್ಲ.

ಎರಡನೆಯ ಪ್ರಶ್ನೆ ಕೂದಲಿನ ಆರೈಕೆಯದು. ಉದುರದ ಕೂದಲೆಂದರೆ ಕೆಲಸವಿಲ್ಲದ ಕೂದಲೆಂದು ತಿಳಿಯುವವರುಂಟು. ಸತ್ಯ ಇದಕ್ಕೆ ವಿರುದ್ಧ. ತಾನಾಗಿ ಉದುರದ್ದನ್ನು ಮನುಷ್ಯನೇ ಬಾಚಿ ತೆಗೆಯಬೇಕು. ಆರೆಂಟು ವಾರಕ್ಕೊಮ್ಮೆ ಕತ್ತರಿಸಬೇಕು. ನಾನು ಈ ಪಾಠವನ್ನು ಕಲಿತದ್ದು ನನ್ನ ತಪ್ಪಿನಿಂದಲೇ. ಹಲವು ವರ್ಷಗಳ ಹಿಂದೆ ಮನೆಯಲ್ಲೊಂದು ಉದ್ದ ಕೂದಲಿನ ಪಮೇರಿಯನ್ ಇತ್ತು. ಪರೀಕ್ಷೆಯ ಉತ್ತರಪತ್ರಿಕೆಗಳ ನಡುವೆ ಒಂದು ತಿಂಗಳು ನಾನು ಅದಕ್ಕೆ ಬಾಚಣಿಗೆ ತಾಗಿಸಲಿಲ್ಲ. ಕೂದಲು ಜಡೆಗಟ್ಟಿತು. ಪಶುವೈದ್ಯರು ಬೋಳಿಸಿದಾಗ ಕೆಳಗಿನ ಚರ್ಮ ಕೆಂಪಾಗಿ ಹುಣ್ಣಾಗಿತ್ತು. ಅದು ನನ್ನ ಕೈಯನ್ನು ನೆಕ್ಕಿತು. ಆ ನಾಚಿಕೆ ಇಂದಿಗೂ ಉಳಿದಿದೆ.

ನಮ್ಮ ಸೀಮೆಯ ಬಿಸಿಲನ್ನೂ ಗಣಿಸಬೇಕು. ಘಟಪ್ರಭೆ ಸೊರಗುವ ಏಪ್ರಿಲ್ ಮೇ ತಿಂಗಳುಗಳಲ್ಲಿ ತಾಪ 40 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ತಣಿಯಬೇಕು. ಹಾಗಾದರೆ ನಮ್ಮ ನೆಲದ ಮುಧೋಳ ನಾಯಿಯೇ ಆಗಬಾರದೇಕೆ ಎಂದು ತಾವು ಕೇಳಬಹುದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಆ ನಾಯಿಗೆ ತೆಳುಗೂದಲು, ಬಿಸಿಲನ್ನು ತಾಳುವ ಮೈ. ಆದರೆ ಓಟವೇ ಅದರ ಪ್ರಾಣ. ಮೂಡಲಗಿಯ ಹೊಲದಲ್ಲಿರುವ ನನ್ನ ತಮ್ಮನ ಮನೆಗೆ ಅದು ಸರಿಯಾದ ಜೋಡಿ. ಹುಕ್ಕೇರಿಯ ಮಗಳ ಎರಡು ಕೋಣೆಗಳ ಮನೆಗೆ ಅಲ್ಲ. ಲ್ಯಾಬ್ರಡೂಡಲ್ ಸಹ ಗೊಂಬೆಯಲ್ಲ. ದೊಡ್ಡ ಪೂಡಲಿನ ಬೆರಕೆ 25 ಕಿಲೋ ತೂಗುವುದುಂಟು, ಜಾಣ ಜೀವ, ದಿನವೂ ನಡಿಗೆ, ಆಟ, ಜೊತೆ ಬೇಡುತ್ತದೆ, ಹನ್ನೆರಡು ವರ್ಷಗಳಿಗೂ ಮೀರಿ ಬಾಳಬಹುದು. ಮಗಳೂ ಅಳಿಯನೂ ನೌಕರಿಯವರು. ಬೆಳಗಿನಿಂದ ಸಂಜೆಯವರೆಗೆ ಬಾಗಿಲಿಗೆ ಬೀಗ.

ಇಷ್ಟಾದರೂ ಬೇಕೆನ್ನುವವರು ಮರಿಯ ತಂದೆತಾಯಿಗಳನ್ನು ಕಣ್ಣಾರೆ ನೋಡಲಿ. ಸೊಂಟದ ಕೀಲಿನ ದೋಷ ಮತ್ತು ಕಣ್ಣಿನ ಕೆಲವು ರೋಗಗಳು ಎರಡೂ ತಳಿಗಳಲ್ಲಿವೆ. ಬೆರಕೆಯಿಂದ ಅವು ಮಾಯವಾಗುವುದಿಲ್ಲ. 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹುಚ್ಚುನಾಯಿ ರೋಗದ ಲಸಿಕೆಯನ್ನು ಮರೆಯಲಾಗದು.

ನಮ್ಮ ಶಾಸನಗಳಲ್ಲೂ ಈ ವಿಷಯಕ್ಕೆ ಒಂದು ಬೆಳಕಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಬೇಕಾದ್ದನ್ನು ಕೇಳೆಂಬ ಅನುಗ್ರಹ ದೊರೆತಾಗ ಅವನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಂತಿತು. ಅದೇ ಹತ್ತನೆಯ ಶತಮಾನದ ಆತಕೂರು ಶಾಸನ. ಮಣಲೇರ ಕೇಳಿದ್ದು ಒಂದು ಜಾತಿಯ ನಾಯಿಯನ್ನಲ್ಲ, ಹೆಸರುಳ್ಳ ಒಂದು ನಾಯಿಯನ್ನು. ನಾವೂ ಆರಿಸಬೇಕಾದದ್ದು ಹಾಗೆಯೇ.

ಅದರಂತೆ, ವೈದ್ಯರ ಸಮ್ಮತಿ ಪಡೆದು, ಬೆಳಗಾವಿಯ ಪರಿಚಿತರೊಬ್ಬರ ಮನೆಯ ಲ್ಯಾಬ್ರಡೂಡಲ್ ಬಳಿಗೆ ಮೊಮ್ಮಗಳನ್ನು ಕರೆದೊಯ್ದೆವು. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ಸಂಜೆ ಅವಳ ಕಣ್ಣು ಕೆಂಪಾಯಿತು, ಉಸಿರು ಬಿಗಿಯಿತು. ಹಿಂದಿರುಗುವ ದಾರಿಯಲ್ಲಿ ಅವಳು ಮಾತಾಡಲಿಲ್ಲ. ನಾನೂ ಸಮಾಧಾನದ ಮಾತು ಹುಡುಕಲಿಲ್ಲ. ಹುಕ್ಕೇರಿ ಹತ್ತಿರವಾದಾಗ ಅವಳೇ ಕೇಳಿದಳು: “ಅಜ್ಜಾ, ಮನಿಗೆ ತಂದ ಮ್ಯಾಲ ಹಿಂಗ ಆಗಿದ್ದರ, ಅದನ್ನ ಎಲ್ಲಿ ಬಿಡ್ತಿದ್ದಿವಿ?”

ನಾಯಿಯನ್ನು ತರುವ ಪ್ರತಿಯೊಬ್ಬ ಹಿರಿಯನೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ.