ಗಾಜಿನ ಕಡಲು ಅಕ್ಕಚ್ಚಾದಾಗ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಎದ್ದು ನೋಡಿದರೆ, ನಮ್ಮ ಹಾಲ್‌ನಲ್ಲಿರುವ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಅಕ್ಕಚ್ಚಿನ ಬಣ್ಣಕ್ಕೆ ತಿರುಗಿತ್ತು. ರಾತ್ರಿ ನಿಚ್ಚಳವಾಗಿ ಕಾಣುತ್ತಿದ್ದ ಕಲ್ಲುಗಳು ಮಂಜಿನೊಳಗೆ ಸೇರಿದಂತಿದ್ದವು. ಜೋಡಿ ಕ್ಲೌನ್ ಮೀನುಗಳು ತಮ್ಮ ಮೂಲೆ ಬಿಟ್ಟು ನೀರಿನ ಮೇಲ್ಭಾಗಕ್ಕೆ ಬಂದು, ಕಿವಿರುಗಳನ್ನು ಬೇಗಬೇಗ ಬಡಿಯುತ್ತಿದ್ದವು.

ಇಂಥ ಹೊತ್ತಿನಲ್ಲಿ ಕೈ ಮೊದಲು ಬಕೆಟ್ಟಿಗೆ ಹೋಗುತ್ತದೆ. ನೀರನ್ನೆಲ್ಲ ಚೆಲ್ಲಿ, ಕಲ್ಲು, ಮರಳು, ಫಿಲ್ಟರ್ ಎಲ್ಲವನ್ನೂ ನಲ್ಲಿಯ ಕೆಳಗೆ ಹಿಡಿದು ತೊಳೆದುಬಿಡೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನೀರಿನಲ್ಲಿ ತೇಲುವ ಯಾವುದೇ ಸೂಕ್ಷ್ಮ ಕಣ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ನಮ್ಮ ಕಣ್ಣಿಗೆ ಅದೆಲ್ಲ ಒಂದೇ ಬಿಳಿ. ಮರಳಿನ ದೂಳೂ ಬಿಳಿ, ಸುಣ್ಣವೂ ಬಿಳಿ, ಗಾಳಿಗುಳ್ಳೆಯೂ ಬಿಳಿ, ಬ್ಯಾಕ್ಟೀರಿಯಾವೂ ಬಿಳಿ. ಯಾವುದೆಂದು ಗೊತ್ತಾಗುವ ಮುಂಚೆ ಮಾಡುವ ಚಿಕಿತ್ಸೆ ಮೀನಿನ ಜೀವಕ್ಕೇ ಎರವಾಗಬಹುದು.

ಪತ್ತೆಗೆ ಎರಡು ಗಾಜಿನ ಲೋಟ ಸಾಕು. ಎರಡರಲ್ಲೂ ತೊಟ್ಟಿಯ ನೀರು ತುಂಬಿ, ಹಿಂದೆ ಕಪ್ಪು ಬಟ್ಟೆ ಹಿಡಿದು, ಪಕ್ಕದಿಂದ ಟಾರ್ಚ್ ಬಿಡಿ. ನಿಮಿಷದೊಳಗೆ ನೀರು ತಿಳಿಯಾದರೆ ಅದು ಗಾಳಿಗುಳ್ಳೆ: ಪಂಪ್ ಅಥವಾ ನೊರೆಯೊಂದಿಗೆ ಕೊಳೆ ತೆಗೆಯುವ ಸ್ಕಿಮ್ಮರ್ ಎಲ್ಲೋ ಗಾಳಿ ಎಳೆಯುತ್ತಿದೆ. ತಿಳಿಯಾಗದಿದ್ದರೆ ಒಂದು ಲೋಟಕ್ಕೆ ಒಂದು ಚಮಚ ವಿನೆಗರ್ ಹಾಕಿ ಕಲಕಿ. ಮಸುಕು ಕರಗಿ ಹೋಯಿತೇ? ಹಾಗಾದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಅದೇ ಬಿಳಿ ಪದರ. ಇನ್ನೊಂದು ಲೋಟವನ್ನು ರಾತ್ರಿಯಿಡೀ ಅಲುಗಾಡಿಸದೆ ಇಡಿ. ದೂಳಾದರೆ ಬೆಳಗಾಗುವಷ್ಟರಲ್ಲಿ ತಳ ಸೇರಿರುತ್ತದೆ. ವಿನೆಗರ್‌ಗೂ ಬಗ್ಗದೆ, ತಳಕ್ಕೂ ಇಳಿಯದೆ ಉಳಿದದ್ದು ಹೆಚ್ಚಿನ ಪಾಲು ಬ್ಯಾಕ್ಟೀರಿಯಾ.

ಹೊಸದಾಗಿ ಮರಳು ಹಾಕಿದ ತೊಟ್ಟಿಯ ದೂಳಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದೆರಡು ದಿನ ಕಾದರೆ ಆಯಿತು. ಸುಣ್ಣದ ಕಥೆ ಮಾತ್ರ ಸ್ವಾರಸ್ಯದ್ದು. ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 410 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದು ಕಾರ್ಬೊನೇಟ್ ಜೊತೆ ಸೇರಿ ಗಟ್ಟಿಯಾಗಲು ಸದಾ ಸಿದ್ಧ. ತಡೆದು ನಿಲ್ಲಿಸುವುದರಲ್ಲಿ ದೊಡ್ಡ ಪಾತ್ರ ಮೆಗ್ನೀಸಿಯಂನದು. ಅದು ಲೀಟರಿಗೆ 1,300 ಮಿಲಿಗ್ರಾಂನ ಆಸುಪಾಸಿನಲ್ಲಿರುತ್ತದೆ. ಹವಳ ಬೆಳೆಸುವವರು ಕ್ಯಾಲ್ಸಿಯಂ ದ್ರಾವಣವನ್ನೂ ಕಾರ್ಬೊನೇಟ್ ದ್ರಾವಣವನ್ನೂ ಒಂದರ ಹಿಂದೊಂದು ಒಂದೇ ಜಾಗಕ್ಕೆ ಸುರಿದರೆ ಈ ತಡೆ ಮುರಿದು, ಕಣ್ಣೆದುರೇ ಸುಣ್ಣ ಬೀಳುತ್ತದೆ. ಉಪ್ಪಿನ ಪುಡಿಯ ರಾಶಿಯ ಮೇಲೆ ನೀರು ಹೊಯ್ದರೂ ಹಾಗೆಯೇ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿಗೆ ನೀರಲ್ಲ, ಅದೂ ಸ್ವಲ್ಪಸ್ವಲ್ಪವಾಗಿ.

ನಮ್ಮ ಮನೆಯ ಲೋಟ ವಿನೆಗರ್ ಹಾಕಿದ ಮೇಲೂ ಅಕ್ಕಚ್ಚಾಗಿಯೇ ಉಳಿಯಿತು. ಬ್ಯಾಕ್ಟೀರಿಯಾ ಎಂದ ಕೂಡಲೇ ರೋಗ ಎಂದು ಹೆದರಬೇಕಿಲ್ಲ. ಕೊಳೆಯುವ ವಸ್ತುವನ್ನು ತಿಂದು ಬದುಕುವ ಈ ಜೀವಿಗಳು ಎಲ್ಲ ತೊಟ್ಟಿಗಳಲ್ಲೂ ಇರುತ್ತವೆ. ಆಹಾರ ಹೇರಳವಾಗಿ ಸಿಕ್ಕರೆ ಅವುಗಳಲ್ಲಿ ಕೆಲವು ಅರ್ಧ ಗಂಟೆಗೇ ಇಮ್ಮಡಿಯಾಗಬಲ್ಲವು, ಒಂದು ರಾತ್ರಿಯಲ್ಲಿ ನೀರು ಬೆಳ್ಳಗಾಗುವುದು ಹೀಗೆ. ಒಂದೊಂದರ ಗಾತ್ರ ಸುಮಾರು ಮಿಲಿಮೀಟರಿನ ಸಾವಿರದ ಒಂದು ಭಾಗ. ಫಿಲ್ಟರಿನ ಹತ್ತಿಗೆ ಅವು ಸಿಕ್ಕುವುದಿಲ್ಲ.

ಮೀನಿಗೆ ಅಪಾಯ ಬರುವುದು ಉಸಿರಿನ ದಾರಿಯಿಂದ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು 8 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಆಮ್ಲಜನಕ ಹಿಡಿದಿಟ್ಟುಕೊಂಡರೆ, ಕಡಲ ನೀರು ಹಿಡಿಯುವುದು 7ಕ್ಕೂ ಕಡಿಮೆ. ಬೇಸಿಗೆಯ ಸೆಕೆಗೆ ಅದು ಇನ್ನೂ ಇಳಿಯುತ್ತದೆ. ಆ ಇಷ್ಟೇ ಇಷ್ಟು ಆಮ್ಲಜನಕಕ್ಕೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಪಾಲು ಕೇಳಿದಾಗ ಮೀನು ಮೇಲೆ ಬಂದು ಏದುಸಿರು ಬಿಡುತ್ತದೆ. ಹಾಗಾಗಿ ನಾನು ಮೊದಲು ಮಾಡಿದ ಕೆಲಸ, ತೊಟ್ಟಿಯೊಳಗೆ ನೀರನ್ನು ತಳ್ಳುವ ಪಂಪಾದ ಪವರ್‌ಹೆಡ್ಡಿನ ಬಾಯನ್ನು ಮೇಲಕ್ಕೆ ತಿರುಗಿಸಿ ನೀರಿನ ಮೇಲ್ಮೈ ಕದಡುವಂತೆ ಮಾಡಿದ್ದು. ಅರ್ಧ ಗಂಟೆಯಲ್ಲಿ ಕಿವಿರಿನ ಬಡಿತ ನಿಧಾನವಾಯಿತು. ನೀರಿನ ಬಣ್ಣ ಹಾಗೆಯೇ ಇತ್ತು, ಇರಲಿ.

ಆಮೇಲೆ ಆಹಾರದ ಮೂಲ ಹುಡುಕಿದೆ. ದೊಡ್ಡ ಕಲ್ಲಿನ ಹಿಂದೆ ಟರ್ಬೊ ಬಸವನಹುಳುವೊಂದು ಬುಡಮೇಲಾಗಿ ಬಿದ್ದಿತ್ತು. ಎತ್ತಿ ಮೂಗಿನ ಹತ್ತಿರ ತಂದರೆ ಕೊಳೆತ ಮೀನಿನ ಗಬ್ಬು ವಾಸನೆ. ಚಿಪ್ಪಿನೊಳಗಿನ ಮಾಂಸ ಅರ್ಧ ಕರಗಿ ನೀರಿಗೆ ಸೇರಿಹೋಗಿತ್ತು. ಅದನ್ನು ತೆಗೆದು, ಎರಡು ದಿನ ಮೀನಿಗೆ ಆಹಾರ ನಿಲ್ಲಿಸಿ, ಹಿಂದಿನ ದಿನವೇ ಆರ್‌ಒ ನೀರಿನಲ್ಲಿ ಕಲಸಿಟ್ಟಿದ್ದ 40 ಲೀಟರ್ ಉಪ್ಪುನೀರಿನಿಂದ ಐದರಲ್ಲೊಂದು ಪಾಲು ಬದಲಿಸಿದೆ. ತಿಳಿ ಮಾಡುವ ಸೀಸೆಯ ದ್ರಾವಣಗಳನ್ನು ನಾನು ಹಾಕುವುದಿಲ್ಲ. ಹೆಣ ಒಳಗಿರುವಾಗ ಅವುಗಳಿಂದ ಏನು ಪ್ರಯೋಜನ?

ಕಲ್ಲು, ಮರಳನ್ನು ಮಾತ್ರ ಮುಟ್ಟಲಿಲ್ಲ. ಅವುಗಳ ಮೈಗೆ ಅಂಟಿಕೊಂಡಿರುವುದು ಬೇರೆಯೇ ಬ್ಯಾಕ್ಟೀರಿಯಾ. ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುವಂಥವು. ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರಲ್ಲಿ ಜ್ಯೂರಿಕ್‌ನಲ್ಲಿ ಇವನ್ನು ಬೇರ್ಪಡಿಸಿದ್ದು ಸಾವಯವ ಆಹಾರವೇ ಇಲ್ಲದ ದ್ರಾವಣದಲ್ಲಿ ಬೆಳೆಸಿ. ಇವು ನಿಧಾನಿಗಳು, ಇಮ್ಮಡಿಯಾಗಲು ಹೆಚ್ಚು ಕಡಿಮೆ ಒಂದು ದಿನ ಬೇಕು. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಕಲ್ಲು ತೊಳೆದರೆ ಆ ವಾರಗಳ ದುಡಿಮೆ ಹತ್ತು ನಿಮಿಷದಲ್ಲಿ ಹಾಳು. ಕಡಲ ನೀರಿನ ಪಿಎಚ್ 8.2ರ ಹತ್ತಿರ ಇರುವುದರಿಂದ ಅಮೋನಿಯಾದ ವಿಷರೂಪದ ಪಾಲೂ ಅಲ್ಲಿ ಹೆಚ್ಚು. ಪಿಎಚ್ 7ರ ನೀರಿಗೆ ಹೋಲಿಸಿದರೆ ಹತ್ತು ಪಟ್ಟಿಗೂ ಮೀರಿ. ಅದಕ್ಕೆ ಬಣ್ಣವೇ ಇಲ್ಲ, ಕನ್ನಡಿಯಂಥ ನೀರಿನಲ್ಲೂ ಅಡಗಿರಬಲ್ಲದು.

ನಾಲ್ಕನೆಯ ದಿನ ಬೆಳಿಗ್ಗೆ ಹಿಂಬದಿಯ ಗಾಜು ಕಂಡಿತು. ಮನೆಯವರೆಲ್ಲ ಸರಿಹೋಯಿತು ಎಂದರು. ಆದರೆ ಅಮೋನಿಯಾ ಟೆಸ್ಟ್ ಕಿಟ್ಟಿನ ನಳಿಕೆ ಇನ್ನೂ ತೆಳು ಹಸಿರು ತೋರಿಸುತ್ತಿತ್ತು. ಅದು ಹಳದಿಗೆ ಮರಳಲು ಮತ್ತೆ ಮೂರು ದಿನ ಹಿಡಿಯಿತು. ಅಲ್ಲಿಯವರೆಗೂ ಪವರ್‌ಹೆಡ್ಡಿನ ಬಾಯನ್ನು ಕೆಳಗಿಳಿಸಲಿಲ್ಲ.