ನಾವು ಆರಿಸುವ ಅಪರಿಚಿತರು

ಪರಿಚಯವೇ ಇಲ್ಲದ ಮನುಷ್ಯನೊಬ್ಬನಿಗಾಗಿ ನಾನು ಹಳೆಯ ಗೆಳೆತನವೊಂದನ್ನು ಕಳೆದುಕೊಂಡೆ. ಹೀಗೆಂದರೆ ಓದುಗರಿಗೆ ಉತ್ಪ್ರೇಕ್ಷೆಯಾಗಿ ಕಂಡೀತು. ಆದರೆ ನಡೆದದ್ದು ಹಾಗೆಯೇ. ಅದು 2018ರ ವಿಧಾನಸಭಾ ಚುನಾವಣೆಯ ಕಾಲ. ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಚರಿತ್ರೆಯ ಅಧ್ಯಾಪಕರೂ ನಾನೂ ಅಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತು ಮಧ್ಯಾಹ್ನದ ಬುತ್ತಿಯನ್ನು ಹಂಚಿಕೊಂಡು ತಿನ್ನುತ್ತಿದ್ದವರು. ಅವರು ಒಬ್ಬ ಉಮೇದುವಾರನ ಪರವಾಗಿ ನಿಂತರು. ನಾನು ಇನ್ನೊಬ್ಬನ ಪರವಾಗಿ ನಿಂತೆ. ಮಾತಿಗೆ ಮಾತು ಬೆಳೆಯಿತು. "ನಿಮಗೆ ಪದ್ಯದ ಮಾತ್ರೆ ಎಣಿಸುವುದು ಬರುತ್ತದೆ ಮೇಷ್ಟ್ರೇ, ಮನುಷ್ಯರನ್ನು ಅಳೆಯುವುದು ಬಾರದು" ಎಂದು ಅವರೆಂದರು. ನಾನು ಅದಕ್ಕಿಂತ ಕಟುವಾದ, ಅವರ ಕುಲವನ್ನು ನಡುವೆ ಎಳೆದು ತಂದ ಮಾತೊಂದನ್ನು ಆಡಿದೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಮರುದಿನ ಅವರ ಕುರ್ಚಿ ಕಿಟಕಿಯ ಬಳಿಗೆ ಹೋಯಿತು. ಐದು ವರ್ಷ ಅಲ್ಲಿಯೇ ಇತ್ತು.

ಯಾರಿಗಾಗಿ ನಾನು ಅಷ್ಟು ಕಾದಾಡಿದೆನೋ ಆ ಮಹಾಶಯನ ವಿಚಾರವಾಗಿ ನನಗೆ ತಿಳಿದಿದ್ದುದಾದರೂ ಎಷ್ಟು? ಪಟ್ಟಣದ ಮೈದಾನದಲ್ಲಿ ಆತನ ಭಾಷಣವನ್ನು ಒಂದು ಸಂಜೆ ಕೇಳಿದ್ದೆ. ಅಲ್ಪಪ್ರಾಣ ಮಹಾಪ್ರಾಣಗಳು ಒಂದೂ ಹೆಚ್ಚುಕಡಿಮೆಯಾಗದ ಭಾಷಣ. ನಡುನಡುವೆ ವಚನಗಳು. ನಮ್ಮ ಬೆಟ್ಟಗುಡ್ಡಗಳನ್ನು ಉಳಿಸಿಕೊಳ್ಳಬೇಕೆಂದು ಆತ ಹೇಳಿದ ರೀತಿಗೆ ನನ್ನ ಕಣ್ಣು ಹನಿಗೂಡಿತ್ತು. ಕನ್ನಡ ಮೇಷ್ಟರನ್ನು ಗೆಲ್ಲಲು ಇಷ್ಟು ಸಾಕು. ಇನ್ನು ನನ್ನ ಗೆಳೆಯರ ಕಾರಣವೋ? ಅವರ ಉಮೇದುವಾರ, ಅವರು ಓದಿದ ವಿದ್ಯಾರ್ಥಿನಿಲಯದಲ್ಲಿಯೇ ಓದಿದವನು! ಈ ಎರಡು ತಿಳಿವಳಿಕೆಗಳ ಬಲದ ಮೇಲೆ ಎಂ.ಎ. ಮಾಡಿದ ಇಬ್ಬರು ಅಧ್ಯಾಪಕರು ಐದು ವರ್ಷ ಮುಖ ತಿರುಗಿಸಿಕೊಂಡಿದ್ದೆವು.

ಮಾತುಗಳ ಮೂಲವನ್ನು ಕೆದಕುವುದು ನನ್ನ ಕಸುಬಿನ ಚಾಳಿ. ಉಮೇದುವಾರನೆಂದರೆ ಪಾರಸಿಯ ಪ್ರಕಾರ ಆಸೆ ಹೊತ್ತವನು. ಅಭ್ಯರ್ಥಿಯೆಂದರೆ ಸಂಸ್ಕೃತದ ಪ್ರಕಾರ ಬೇಡುವವನು. ಇಂಗ್ಲಿಷಿನವರ ಕ್ಯಾಂಡಿಡೇಟ್ ಎಂಬ ಮಾತು ಲ್ಯಾಟಿನ್ನಿನಿಂದ ಬಂದುದು. ಪದವಿಯನ್ನು ಬಯಸಿದ ರೋಮನರು ಸೀಮೆಸುಣ್ಣದಿಂದ ಬೆಳ್ಳಗೆ ಮಾಡಿದ ಬಟ್ಟೆ ತೊಟ್ಟು ಜನರ ಮುಂದೆ ಬರುತ್ತಿದ್ದುದರಿಂದ ಅವರಿಗೆ 'ಬಿಳಿಯುಡುಗೆಯವ'ನೆಂಬ ಹೆಸರಾಯಿತು. ಮೂರು ಮಾತುಗಳೂ ಬೇಡುವವನ ಕಡೆಯಿಂದಲೇ ಹುಟ್ಟಿದವು. ಕೊಡುವವನ ಕಡೆಯ ಮಾತೊಂದಿದೆ: 'ಮತ'. ಅದರ ಧಾತುವಿಗೆ ಯೋಚಿಸು ಎಂದರ್ಥ. ಮತವೆಂದರೆ ಯೋಚಿಸಿದ್ದು. ಯೋಚಿಸದೆ ಒತ್ತಿದ ಗುಂಡಿ ಲೆಕ್ಕಕ್ಕೆ ಸೇರೀತು, ಮತವೆನಿಸಿಕೊಳ್ಳಲಾರದು.

ನಮ್ಮ ಗಣರಾಜ್ಯದ ಮೊದಲ ಚುನಾವಣೆ ನಡೆದದ್ದು 1951-52ರಲ್ಲಿ. ಮತದಾರರು ಸುಮಾರು 17 ಕೋಟಿ. ಅವರಲ್ಲಿ ಬಹುಮಂದಿ ಅಕ್ಷರ ಕಾಣದವರು. ಮುಖ್ಯ ಚುನಾವಣಾ ಕಮಿಷನರಾಗಿದ್ದ ಸುಕುಮಾರ್ ಸೇನರು ಒಬ್ಬೊಬ್ಬ ಉಮೇದುವಾರನಿಗೂ ಬೇರೆಬೇರೆ ಪೆಟ್ಟಿಗೆಯನ್ನಿರಿಸಿ, ಅದಕ್ಕೆ ಚಿಹ್ನೆಯನ್ನು ಅಂಟಿಸುವ ಏರ್ಪಾಡು ಮಾಡಿದರು. ಜೋಡೆತ್ತು, ದೀಪ, ಆಲದ ಮರ, ಗುಡಿಸಲು. ಓದು ಬಾರದವನೂ ತನಗೆ ಬೇಕಾದ ಪೆಟ್ಟಿಗೆಯನ್ನು ಗುರುತಿಸಬಲ್ಲವನಾದ. ಅದು ದೊಡ್ಡ ಉಪಕಾರ. ಆದರೆ ಪೆಟ್ಟಿಗೆಯ ಗುರುತು ಮನುಷ್ಯನ ಗುರುತಲ್ಲ. ಅಂದಿನ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋಯಿತೆಂಬುದನ್ನೂ ಇಲ್ಲಿ ನೆನೆಯಬೇಕು. 'ಇಂಥವನ ಹೆಂಡತಿ', 'ಇಂಥವನ ತಾಯಿ' ಎಂದಲ್ಲದೆ ತಮ್ಮ ಹೆಸರು ಹೇಳಲು ಅವರು ಒಪ್ಪಿರಲಿಲ್ಲ. ಆರಿಸಬೇಕಾದವರೇ ಹೆಸರಿಲ್ಲದೆ ಉಳಿದರು.

ಅರ್ಧ ಶತಮಾನ ಕಳೆದ ಮೇಲೂ ಈ ಗುರುತಿನ ತೊಡಕು ತೀರಲಿಲ್ಲ. 2014ರ ಲೋಕಸಭಾ ಚುನಾವಣೆಯಲ್ಲಿ ಛತ್ತೀಸಗಢದ ಮಹಾಸಮುಂದದಲ್ಲಿ ಚಂದೂಲಾಲ್ ಸಾಹು ಎಂಬ ಒಂದೇ ಹೆಸರಿನ ಹಲವರು ಕಣಕ್ಕಿಳಿದಿದ್ದರು. ನಿಜವಾಗಿ ಸ್ಪರ್ಧೆಯಲ್ಲಿದ್ದ ಸಾಹು ಗೆದ್ದದ್ದು ಸಾವಿರದ ಇನ್ನೂರರಷ್ಟು ಮತಗಳ ಅಂತರದಿಂದ ಮಾತ್ರ. 2015ರಿಂದ ಮತಯಂತ್ರದ ಮೇಲೆ ಹೆಸರು ಚಿಹ್ನೆಗಳ ಜೊತೆಗೆ ಭಾವಚಿತ್ರವೂ ಬಂದಿತು. ಮುಖ ತಿಳಿಯಿತು. ಒಳಗಿನದು?

ಒಳಗಿನದರಲ್ಲಿ ಒಂದಿಷ್ಟನ್ನಾದರೂ ತಿಳಿಯುವ ಬಾಗಿಲನ್ನು ತೆರೆದದ್ದು ಸುಪ್ರೀಂ ಕೋರ್ಟು. 2002ರ ಮೇ 2ರ ತೀರ್ಪಿನಲ್ಲಿ, ಉಮೇದುವಾರನ ಹಿನ್ನೆಲೆಯನ್ನು ತಿಳಿಯುವುದು ಮತದಾರನ ಹಕ್ಕೆಂದು ಅದು ಸಾರಿತು. ಅದನ್ನು ಮೊಟಕುಗೊಳಿಸಲು ಪಾರ್ಲಿಮೆಂಟು ಮಾಡಿದ ತಿದ್ದುಪಡಿಯನ್ನು 2003ರ ಮಾರ್ಚಿಯಲ್ಲಿ ತಳ್ಳಿಹಾಕಿತು. ಅಂದಿನಿಂದ ನಾಮಪತ್ರದ ಜೊತೆಗೆ ಪ್ರಮಾಣಪತ್ರವೊಂದನ್ನು ಸಲ್ಲಿಸಬೇಕು. ಮೊಕದ್ದಮೆಗಳೆಷ್ಟು, ಆಸ್ತಿಯೆಷ್ಟು, ಸಾಲವೆಷ್ಟು, ಓದೆಷ್ಟು ಎಂಬುದೆಲ್ಲ ಅದರಲ್ಲಿ ಇರಬೇಕು; ಹೆಂಡತಿ ಮಕ್ಕಳ ಆಸ್ತಿಯೂ ಬರಬೇಕು. ಚುನಾವಣಾಧಿಕಾರಿಯ ಕಚೇರಿಯ ಫಲಕದಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು. ಮನೆಯಲ್ಲಿ ಕುಳಿತು ಅಂತರಜಾಲದಲ್ಲಿಯೂ ಓದಬಹುದು. ಖರ್ಚಿಲ್ಲ, ಅರ್ಜಿಯಿಲ್ಲ.

ನಾನು ಅದನ್ನು ಮೊದಲು ಓದಿದ್ದು 2023ರಲ್ಲಿ, ಅದೂ ಆಕಸ್ಮಿಕವಾಗಿ. ಮತಗಟ್ಟೆಯ ಕೆಲಸದ ತರಬೇತಿಗೆಂದು ಹೋದವನು, ಬಿಸಿಲು ಇಳಿಯಲೆಂದು ಕಚೇರಿಯ ಪಡಸಾಲೆಯಲ್ಲಿ ನಿಂತಿದ್ದೆ. ಎದುರಿಗೆ ಫಲಕ. ನನ್ನ ವಾಗ್ಮಿ ಈ ಸಲವೂ ಕಣದಲ್ಲಿದ್ದ. ಹಾಳೆಗಳನ್ನು ತಿರುವುತ್ತ 'ವೃತ್ತಿ' ಎಂಬ ಅಂಕಣಕ್ಕೆ ಬಂದೆ. ಅಲ್ಲಿ ಬರೆದಿತ್ತು: ಕಲ್ಲುಗಣಿ ಮತ್ತು ಜಲ್ಲಿ ಕ್ರಷರ್. ಅದೇನೂ ಅಪರಾಧವಲ್ಲ, ಮನೆ ಕಟ್ಟುವ ಎಲ್ಲರಿಗೂ ಜಲ್ಲಿ ಬೇಕು. ಆದರೆ ಬೆಟ್ಟಗಳಿಗಾಗಿ ನನ್ನ ಕಣ್ಣನ್ನು ತೇವಗೊಳಿಸಿದವನ ಜೀವನೋಪಾಯ ಬೆಟ್ಟವನ್ನು ಒಡೆಯುವುದಾಗಿತ್ತು. ಮನೆಗೆ ಬಂದು 2018ರ ಪ್ರಮಾಣಪತ್ರವನ್ನು ಹುಡುಕಿ ಓದಿದೆ. ಅದರಲ್ಲಿಯೂ ಅದೇ ಮಾತು. ಆತ ಬಚ್ಚಿಟ್ಟಿರಲಿಲ್ಲ, ನಾನು ನೋಡಿರಲಿಲ್ಲ, ಅಷ್ಟೆ.

ಅನಂತರ ಗೆಳೆಯರ ಉಮೇದುವಾರನ ಪತ್ರವನ್ನೂ ತೆರೆದೆ. ತಪ್ಪೊಪ್ಪಿಕೊಳ್ಳುತ್ತೇನೆ, ಅದರಲ್ಲಿಯೂ ಏನಾದರೂ ಹುಳುಕು ಸಿಕ್ಕೀತೆಂಬ ಆಸೆಯಿಂದಲೇ ತೆರೆದೆ. ಸಹಕಾರ ಸಂಘದ ಸಾಲ, ಒಂದಿಷ್ಟು ಜಮೀನು, ಮೊಕದ್ದಮೆಗಳಿಲ್ಲ. ಇಷ್ಟರಿಂದ ಆತ ಸತ್ಪುರುಷನೆಂದು ಸಿದ್ಧವಾಗದು. ಕಾಗದ ಕೆಲವನ್ನು ಮಾತ್ರ ಹೇಳಬಲ್ಲುದು.

ಕಾಗದ ಹೇಳದುದನ್ನು ಬಲ್ಲವರು ಬೇರೆ ಇದ್ದಾರೆ. ಹಳ್ಳಿಯಲ್ಲಿರುವ ನನ್ನ ತಾಯಿಗೆ ಓದು ಬಾರದು. ಆಕೆ ಬಹುಕಾಲ ಒಬ್ಬನಿಗೇ ಮತ ಹಾಕುತ್ತಿದ್ದಳು. ಕಾರಣ ಕೇಳಿದರೆ, "ನಿಮ್ಮಪ್ಪ ಹೋದಾಗ ಬಂದು ಜಗಲಿ ಮೇಲೆ ಕೂತಿದ್ದನಪ್ಪ" ಎನ್ನುತ್ತಿದ್ದಳು. ನಾನು ನಕ್ಕಿದ್ದುಂಟು. ಕೆಲವು ವರ್ಷಗಳ ಹಿಂದೆ ಆಕೆ ಮನಸ್ಸು ಬದಲಾಯಿಸಿದಳು. "ಕೆರೆ ಏರಿ ಒಡೆದಾಗ ಹೇಳಿಕಳಿಸಿದರೂ ಬರಲಿಲ್ಲ. ಸತ್ತವರ ಮನೆಗೆ ಬರೋದು ಸುಲಭ ಕಣೋ, ಬದುಕಿರೋರ ಹೊಲಕ್ಕೆ ಬರಬೇಕು." ಆಕೆ ಕಂಡದ್ದು ಎರಡೇ ಸಂಗತಿ, ಆದರೆ ಎರಡನ್ನೂ ಕಣ್ಣಾರೆ ಕಂಡಿದ್ದಳು, ಒಂದರ ಪಕ್ಕದಲ್ಲಿ ಒಂದನ್ನಿಟ್ಟು ತೂಗಿದ್ದಳು. ನಾನು ಒಂದು ಭಾಷಣವನ್ನು ಕೇಳಿ ತೂಕವನ್ನೇ ಮರೆತಿದ್ದೆ.

ತಿಳಿಯುವ ಶ್ರಮ ಏಕೆಂದು ಕೇಳುವವರೂ ಇದ್ದಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂತನಿ ಡೌನ್ಸ್ 1957ರಷ್ಟು ಹಿಂದೆಯೇ ಇದನ್ನು ವಿವರಿಸಿದ: ಲಕ್ಷಾಂತರ ಮತಗಳಲ್ಲಿ ನನ್ನದೊಂದರಿಂದ ಫಲಿತಾಂಶ ಬದಲಾಗುವ ಸಂಭವ ಅತ್ಯಲ್ಪ, ಆದ್ದರಿಂದ ಅದಕ್ಕಾಗಿ ಓದಿ ಅರಿಯುವ ಕಷ್ಟವನ್ನು ತಪ್ಪಿಸಿಕೊಳ್ಳುವವನು ಲೆಕ್ಕ ಬಲ್ಲವನೇ. ಈ ವಾದವನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೆ ಆ ಜಾಣ ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿದೆ. ಓದಿ ಅರಿಯಲು ಸಮಯವಿಲ್ಲದ ನಮಗೆ ಜಗಳವಾಡಲು ಸಮಯವಿರುತ್ತದೆ. ನನ್ನ ಮತದಿಂದ ಸರ್ಕಾರ ಬದಲಾಗಲಿಲ್ಲ, ನಿಜ. ಆದರೆ ನನ್ನ ಅಜ್ಞಾನದಿಂದ ಒಂದು ಕುರ್ಚಿ ಕಿಟಕಿಯ ಬಳಿಗೆ ಹೋಯಿತು.

ತಿಳಿದವರೆಲ್ಲ ಒಂದೇ ಕಡೆಗೆ ಮತ ಹಾಕುವರೆಂದು ನಾನು ಹೇಳುತ್ತಿಲ್ಲ. ಶಿವರಾಮ ಕಾರಂತರು 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರದ ವಿರೋಧವನ್ನು ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಅವರಷ್ಟು ತೆರೆದ ಬದುಕಿನ, ಗ್ರಂಥಗಳ ಮೂಲಕ ತಮ್ಮ ಮನಸ್ಸನ್ನೆಲ್ಲ ಹರಡಿಟ್ಟ ಉಮೇದುವಾರ ಇನ್ನಾರಿದ್ದರು? ಜನ ಅರಿಯದೆ ಅವರನ್ನು ಸೋಲಿಸಿದರೆನ್ನುವುದು ದುಡುಕು. ಬಲ್ಲವರೂ ಬೇರೆ ದಾರಿಯನ್ನು ಆರಿಸಬಹುದು. ಅದು ಅವರ ಹಕ್ಕು. ನನ್ನ ದುಃಖ ಸೋಲುಗೆಲುವಿನದಲ್ಲ, ಬಲ್ಲೆನೆಂಬ ಭ್ರಮೆಯದು.

ಆ ವಾರವೇ ಎರಡು ಪ್ರಮಾಣಪತ್ರಗಳ ಪ್ರತಿಗಳನ್ನು ಹಿಡಿದು ಗೆಳೆಯರ ಮನೆಗೆ ಹೋದೆ. ಬಾಗಿಲು ತೆರೆದವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಒಳಗೆ ಕರೆದರು. ಮೊದಲು ಅಂದಿನ ಆ ಮಾತಿಗಾಗಿ ಕ್ಷಮೆ ಕೇಳಿದೆ. ಕಾಗದಗಳನ್ನು ಕೊಡುವುದಕ್ಕಿಂತ ಅದು ಕಷ್ಟವಾಗಿತ್ತು. ಅವರು ಕನ್ನಡಕ ಹಾಕಿಕೊಂಡು ಹಾಳೆಗಳನ್ನೆಲ್ಲ ಓದಿದರು.

"ಅಂದೇ ಓದಿದ್ದರೆ ಜಗಳವಾಡುತ್ತಿರಲಿಲ್ಲವೇನೋ" ಎಂದೆ.

"ಆಡುತ್ತಿದ್ದೆವು ಮೇಷ್ಟ್ರೇ. ಆದರೆ ಕ್ರಷರಿನ ವಿಷಯಕ್ಕೆ ಆಡುತ್ತಿದ್ದೆವು, ಕುಲದ ವಿಷಯಕ್ಕಲ್ಲ" ಎಂದು ಅವರು ಒಳಗೆ ತಿರುಗಿ ಎರಡು ಲೋಟ ಕಾಫಿಗೆ ಹೇಳಿದರು.