ಸ್ವಿಚ್ ಮಾತಾಡುತ್ತೆ, ನಮ್ಮ ಮಾತು ಮಾತ್ರ ಕೇಳಿಸಿಕೊಳ್ಳಲ್ಲ: ಕನ್ಸೋಲ್ ಪೋರ್ಟ್ ಕಥೆ

ಇವತ್ತಿನ ಎಪಿಸೋಡ್ ನಾನು ಪೇಚಿಗೆ ಸಿಕ್ಕ ಒಂದು ರಾತ್ರಿಯಿಂದ ಶುರು.

ಆಗಿನ್ನೂ ಕೆಲಸಕ್ಕೆ ಹೊಸಬ. ಒಂದು ಆಫೀಸಿನ ಮುಖ್ಯ ನೆಟ್‌ವರ್ಕ್ ಸ್ವಿಚ್ ಕೈಕೊಟ್ಟಿತ್ತು. ನೆಟ್‌ವರ್ಕೇ ಇಲ್ಲ ಅಂದಮೇಲೆ ದೂರದಿಂದ ಲಾಗಿನ್ ಆಗೋದು ಹೇಗೆ? ಉಳಿದಿದ್ದು ಒಂದೇ ಬಾಗಿಲು, ಕನ್ಸೋಲ್ ಪೋರ್ಟ್. ಕೇಬಲ್ ಹಾಕಿದೆ. ಸ್ವಿಚ್ ಬೂಟ್ ಆಗ್ತಿರೋದು ಪರದೆ ಮೇಲೆ ಚೆನ್ನಾಗೇ ಕಾಣ್ತಿದೆ. ಆದ್ರೆ ನಾನು ಎಂಟರ್ ಒತ್ತಿದ್ರೆ ಏನೂ ಆಗ್ತಿಲ್ಲ! ಕೇಬಲ್ ಬದಲಿಸಿದೆ, ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಒಂದು ಗಂಟೆ ಹೋಯ್ತು. ತಪ್ಪು ಇದ್ದಿದ್ದು ನನ್ನ ಲ್ಯಾಪ್‌ಟಾಪ್‌ನ ಒಂದು ಸೆಟ್ಟಿಂಗ್‌ನಲ್ಲಿ.

ಈಥರ್ನೆಟ್‌ನಲ್ಲಿ ಎರಡೂ ಕಡೆಯ ಯಂತ್ರಗಳು ವೇಗವನ್ನು ತಾವೇ ಮಾತಾಡಿಕೊಳ್ಳುತ್ತವೆ. ಸೀರಿಯಲ್ ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಆ ಸೌಕರ್ಯ ಇಲ್ಲ, ಎರಡೂ ಕಡೆ ನಾವೇ ಹೊಂದಿಸಬೇಕು. ಸಿಸ್ಕೋ ಕ್ಯಾಟಲಿಸ್ಟ್ ಸ್ವಿಚ್‌ಗಳ ಡೀಫಾಲ್ಟ್ ಹೀಗಿದೆ: ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1. ಸ್ಟಾರ್ಟ್ ಬಿಟ್ ಸೇರಿಸಿದ್ರೆ ಒಂದು ಅಕ್ಷರಕ್ಕೆ 10 ಬಿಟ್, ಅಂದ್ರೆ ಸೆಕೆಂಡಿಗೆ 960 ಅಕ್ಷರ, ಅಷ್ಟೇ. ವೇಗ ತಪ್ಪಿದ್ರೆ ಪರದೆ ತುಂಬಾ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಹಾಗಾಗಿ ಬೇಗ ಗೊತ್ತಾಗುತ್ತೆ.

ಫ್ಲೋ ಕಂಟ್ರೋಲ್ ಹಾಗಲ್ಲ, ಅದು ಮೌನವಾಗಿ ಕಾಡುತ್ತೆ. ಅದರ ಕೆಲಸ ಇಷ್ಟೇ: ‘ತಡಿ ಮಾರಾಯ, ಇನ್ನೂ ಓದ್ತಿದ್ದೀನಿ’ ಅಂತ ಎದುರಿನವನಿಗೆ ಹೇಳೋದು. ಸಾಫ್ಟ್‌ವೇರ್ ವಿಧಾನದಲ್ಲಿ ಈ ಮಾತು ಡೇಟಾ ತಂತಿಯಲ್ಲೇ ಹೋಗುತ್ತೆ. ಎಕ್ಸ್‌ಆಫ್ ಅಂದ್ರೆ ನಿಲ್ಲಿಸು, ಎಕ್ಸ್‌ಆನ್ ಅಂದ್ರೆ ಮುಂದುವರಿಸು. ಇದು ಆನ್ ಆಗಿದ್ದಾಗ ಕೈತಪ್ಪಿ ಕಂಟ್ರೋಲ್-ಎಸ್ ಒತ್ತಿದ್ರೆ ಪರದೆ ಹೆಪ್ಪುಗಟ್ಟಬಹುದು. ಗಾಬರಿ ಬೇಡ, ಕಂಟ್ರೋಲ್-ಕ್ಯೂ ಒತ್ತಿ.

ಹಾರ್ಡ್‌ವೇರ್ ವಿಧಾನಕ್ಕೆ ಆರ್‌ಟಿಎಸ್, ಸಿಟಿಎಸ್ ಅನ್ನೋ ಬೇರೆ ತಂತಿಗಳು ಬೇಕು. ನನ್ನ ಲ್ಯಾಪ್‌ಟಾಪ್ ಸಿಟಿಎಸ್ ತಂತಿಯಲ್ಲಿ ‘ಕಳಿಸು’ ಅನ್ನೋ ಸಂಕೇತಕ್ಕೆ ಕಾಯ್ತಾ ಕೂತಿತ್ತು. ಆ ಕಡೆಯಿಂದ ಸಂಕೇತ ಬರಲೇ ಇಲ್ಲ. ಹಾಗಾಗಿ ಓದೋದು ಸರಾಗ, ಬರೆಯೋದು ಬಂದ್. ಲಿನಕ್ಸ್‌ನ ಮಿನಿಕಾಮ್ ಬಳಸೋರು ಕಂಟ್ರೋಲ್-ಎ, ಆಮೇಲೆ ಓ ಒತ್ತಿ, ಸೀರಿಯಲ್ ಪೋರ್ಟ್ ಸೆಟಪ್‌ನಲ್ಲಿ ಎಫ್ ಒತ್ತಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ‘ನೋ’ ಮಾಡಿ. ಪುಟ್ಟಿಯಲ್ಲಿ ಡೀಫಾಲ್ಟ್ ಆಗಿ ಎಕ್ಸ್‌ಆನ್/ಎಕ್ಸ್‌ಆಫ್ ಇರುತ್ತೆ, ಅದನ್ನ ‘ನನ್’ಗೆ ಬದಲಿಸಿ.

ಸ್ವಿಚ್ ಕಡೆ ವೇಗ ಹೆಚ್ಚಿಸಬಹುದಾ? ‘ಲೈನ್ ಕನ್ಸೋಲ್ 0’ಗೆ ಹೋಗಿ ‘ಸ್ಪೀಡ್ 115200’ ಕೊಟ್ರೆ ಆಯ್ತು. ಕೊಟ್ಟ ಕ್ಷಣವೇ ನಿಮ್ಮ ಪರದೆ ಕೆಡುತ್ತೆ, ಲ್ಯಾಪ್‌ಟಾಪ್‌ನಲ್ಲೂ ಬದಲಿಸಿ. ನಾನಂತೂ ಬದಲಿಸಲ್ಲ. ಮುಂದೆ ಅರ್ಧರಾತ್ರಿ ಬರೋ ಹುಡುಗ ಮೊದಲು 9600 ಹಾಕಿಯೇ ನೋಡ್ತಾನೆ. ಬದಲಿಸಲೇಬೇಕು ಅಂದ್ರೆ ಸ್ವಿಚ್ ಮೇಲೆ ಒಂದು ಚೀಟಿ ಅಂಟಿಸಿ.

ಇನ್ನೊಂದು ಮಾತು. ಫ್ಲೋ ಕಂಟ್ರೋಲ್ ಇಲ್ಲದಾಗ ‘ತಡಿ’ ಅನ್ನೋರು ಯಾರೂ ಇರಲ್ಲ. ನೂರಾರು ಸಾಲಿನ ಕಾನ್ಫಿಗರೇಷನ್ ಒಮ್ಮೆಲೇ ಪೇಸ್ಟ್ ಮಾಡಿದ್ರೆ ನಡುವೆ ಅಕ್ಷರಗಳು ಬಿದ್ದುಹೋಗಬಹುದು. ಹತ್ತಿಪ್ಪತ್ತು ಸಾಲು ಹಾಕಿ, ಪ್ರಾಂಪ್ಟ್ ವಾಪಸ್ ಬಂದ್ಮೇಲೆ ಮುಂದಿನದ್ದು ಹಾಕಿ.